ಭೀಮಾಶಂಕರ ಸರ್ ಮತ್ತು ನಾನು ಬರೆದ ರಾಜೀನಾಮೆ

ಮೊನ್ನೆ ಪಕ್ಕದ ಮನೆಯ ಶಾಂತಾಬಾಯಿ ಒಂದು ರಜಾ ಚೀಟಿ ಬರೆಸಿಕೊಳ್ಳಲು ಬಂದಿದ್ದಳು. ಮಗಳಿಗೆ ಜ್ವರ, ಮೂರು ದಿನ ಶಾಲೆಗೆ ಹೋಗುವುದಿಲ್ಲ, ಇಷ್ಟೇ ವಿಷಯ. ನಾಲ್ಕು ಸಾಲು ಬರೆದು ಕೈಗಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ನಾನು ಕನ್ನಡಕ ಏರಿಸಿಕೊಂಡು ಅದನ್ನು ಗಟ್ಟಿಯಾಗಿ ಓದಿದೆ. ಜ್ವರ ಅಂದಿಯೋ ಮೈ ಬೆಚ್ಚಗಾಗಿದೆ ಅಂದಿಯೋ ಎಂದು ಕೇಳಿದೆ. ಮೂರು ದಿನವೆಂದರೆ ಇಂದಿನಿಂದಲೋ ನಾಳೆಯಿಂದಲೋ ಎಂದು ಕೇಳಿದೆ. ಆಮೇಲೆ ಇನ್ನೊಮ್ಮೆ ಓದಿದೆ. ಶಾಂತಾಬಾಯಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟಳು.

"ಅಕ್ಕೋರೇ, ನೀವು ಚೀಟಿ ಮುಗಸೂದ್ರೊಳಗ ನನ್ನ ಮಗಳ ಜ್ವರ ಇಳೀತದ ನೋಡ್ರಿ."

ಅವಳು ಹೋದ ಮೇಲೆ ಒಬ್ಬಳೇ ನಕ್ಕೆ. ಈ ಚಟ ನನಗೆ ಹುಟ್ಟಿನಿಂದ ಬಂದದ್ದಲ್ಲ. ಹುಟ್ಟಿನಿಂದ ಬಂದದ್ದು ಇದಕ್ಕೆ ನೇರ ವಿರುದ್ಧವಾದ ಇನ್ನೊಂದು ಚಟ. ಅದನ್ನು ಬಿಡಿಸಿ ಇದನ್ನು ಹತ್ತಿಸಿದವರು ನಮ್ಮ ಭೀಮಾಶಂಕರ ಸರ್. ಅವರು ತೀರಿಕೊಂಡು ವರ್ಷವಾಗುತ್ತ ಬಂತು.

ಕಲಬುರಗಿಯಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆಗಳಲ್ಲಿ ಅವರ ಕಚೇರಿ ಇತ್ತು. ಕಾರ್ಖಾನೆಗಳಲ್ಲಿ ಮಾಲೀಕರಿಗೂ ಕಾರ್ಮಿಕರಿಗೂ ತಕರಾರು ಬಂದಾಗ ವಿಚಾರಣೆ ನಡೆಸುವುದು, ಎರಡೂ ಕಡೆಯವರನ್ನು ಕೂಡಿಸಿ ಒಪ್ಪಂದ ಮಾಡಿಸುವುದು, ಕಾನೂನು ಹೇಳಿಕೊಡುವುದು ಅಲ್ಲಿಯ ಕೆಲಸ. ಸರ್ ತಾವೇ ಹೇಳಿ ಬರೆಸಿದ ಬೋರ್ಡು ಮೆಟ್ಟಿಲ ಬಾಯಲ್ಲಿ ತೂಗುತ್ತಿತ್ತು: "ಔದ್ಯೋಗಿಕ ಸಂಬಂಧ ಸಲಹಾ ಕೇಂದ್ರ." ನಾನು ಕೆಲಸಕ್ಕೆ ಸೇರಿದ ವಾರವೇ ಜೇವರ್ಗಿ ಕಡೆಯ ಗಂಡಹೆಂಡತಿ ಇಬ್ಬರು ಏದುಸಿರು ಬಿಡುತ್ತ ಮೇಲೆ ಬಂದರು. ಆಕೆ ಸೆರಗಿನೊಳಗಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟಳು.

"ಹುಡುಗಿ ಹತ್ತನೇತ್ತ ಪಾಸ್ ಅದಾಳ್ರಿ. ಉದ್ಯೋಗ ಇದ್ದ ವರ ಇದ್ರ ತೋರಿಸ್ರಿ."

ನಾನು ತಬ್ಬಿಬ್ಬಾದೆ. ಸರ್ ಮಾತ್ರ ಫೋಟೋ ಕೈಗೆ ತೆಗೆದುಕೊಂಡು, ಹುಡುಗಿ ಲಕ್ಷಣವಾಗಿದ್ದಾಳೆಂದು ಹೇಳಿ, ಇಬ್ಬರಿಗೂ ಚಹಾ ತರಿಸಿದರು. ಆಮೇಲೆ ನಿಧಾನವಾಗಿ ಹೇಳಿದರು, "ನಾವು ಮಾಡೂದೂ ಸಂಬಂಧದ ಕೆಲಸಾನ ಅವ್ವಾ. ಖರೆ, ನಮ್ಮಲ್ಲಿಗಿ ಬರೋರು ಮೊದಲ ಲಗ್ನ ಆಗಿ, ಜಗಳ ತಗದೇ ಬಂದಿರ್ತಾರ."

ಬೋರ್ಡು ಬದಲಿಸೋಣ ಎಂದು ನಾನು ಎಷ್ಟು ಸಲ ಹೇಳಿದರೂ ಅವರು ಒಪ್ಪಲಿಲ್ಲ. ಮೆಟ್ಟಿಲು ಹತ್ತಿ ಬಂದವರಿಗೆ ಒಂದು ಕಪ್ ಚಹಾ ಕುಡಿಸಿದರೆ ನಮ್ಮದೇನು ಹೋಗುತ್ತದೆ ಎನ್ನುತ್ತಿದ್ದರು. ನನಗೆ ತಿಳಿದಂತೆ ಅವರ ಕಚೇರಿಯಿಂದ ಒಂದು ಮದುವೆಯೂ ಕುದುರಿತು. ಅದರ ಊಟಕ್ಕೆ ನನ್ನನ್ನೂ ಕರೆದೊಯ್ದಿದ್ದರು.

ಸರ್ ಅಫಜಲಪುರ ತಾಲ್ಲೂಕಿನ ಗೊಬ್ಬೂರದವರು. ಕೂಲಿ ಮಾಡುವ ಬೌದ್ಧ ಕುಟುಂಬ. ಮನೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲಿ ಇವರೇ ಮೊದಲಿಗರು. ಎಳೆಯ ವಯಸ್ಸಿನಲ್ಲಿ ಬೇರೆ ಜಿಲ್ಲೆಯ ಕಾರ್ಖಾನೆಯೊಂದರಲ್ಲಿ ಹಾಜರಿ ಹಾಕುವ ಕೆಲಸ ಮಾಡಿದರು. ಅದನ್ನು ಬಿಟ್ಟುಬಂದು ಕಾನೂನು ಓದಿದರು, ಕೆಲವು ವರ್ಷ ಕಾರ್ಮಿಕರ ಸಂಘದಲ್ಲಿದ್ದರು, ಕೊನೆಗೆ ಈ ಕಚೇರಿ ತೆರೆದರು. ಹಾಜರಿ ಕೆಲಸವನ್ನು ಯಾಕೆ ಬಿಟ್ಟಿರಿ ಎಂದು ಯಾರಾದರೂ ಕೇಳಿದರೆ, "ಅಲ್ಲಿ ನೀರು ಒಗ್ಗಲಿಲ್ಲ" ಎಂದು ಹೇಳಿ ಮಾತು ಬದಲಿಸುತ್ತಿದ್ದರು.

ಇನ್ನು ನನ್ನ ಹುಟ್ಟುಚಟದ ವಿಷಯ. ನಾನು ಆಳಂದದವಳು. ಅಪ್ಪ ಅಲ್ಲಿ ಕನ್ನಡ ಮಾಸ್ತರರು. ಅವರ ಅಂಗಿಯ ಜೇಬಿನಲ್ಲಿ ಸದಾ ಒಂದು ಕೆಂಪು ಶಾಯಿಯ ಪೆನ್ನು. ಮದುವೆಯ ಕರೆಯೋಲೆ ಬಂದರೆ ಮೊದಲು ತಪ್ಪು ತಿದ್ದಿ ಆಮೇಲೆ ಮುಹೂರ್ತ ನೋಡುತ್ತಿದ್ದರು. ಒಮ್ಮೆ ಬೀಗರ ಮನೆಯ ಪತ್ರವನ್ನು ತಿದ್ದಿ ಅಂಚೆಯಲ್ಲಿ ವಾಪಸು ಕಳಿಸಿದ್ದರಿಂದ ಎರಡು ವರ್ಷ ಮಾತು ನಿಂತಿತ್ತು. ಅವ್ವ ಒಲೆಯ ಮುಂದೆ ಕುಳಿತು "ಬ್ಯಾಳಿ ಕುದ್ಯಾಕತ್ತದ" ಎಂದರೆ, ಪಡಸಾಲೆಯಿಂದ ಅಪ್ಪ "ಬೇಳೆ ಕುದಿಯುತ್ತಿದೆ ಅನ್ನು" ಎನ್ನುತ್ತಿದ್ದರು.

"ಹಂಗ ಅಂದ್ರ ಲಗೂನ ಕುದೀತದೇನ್ರಿ?" ಎಂದು ಅವ್ವ ಕೇಳುತ್ತಿದ್ದಳು.

ನಾನು ಅಪ್ಪನ ಮಗಳು. ಎಂಟನೆಯ ತರಗತಿಯ ಹೊತ್ತಿಗೆ ನನ್ನ ಚೀಲದಲ್ಲೂ ಕೆಂಪು ಪೆನ್ನು ಸೇರಿಕೊಂಡಿತ್ತು. ಗೆಳತಿಯರು ಮಾತಾಡಿದರೆ ತಿದ್ದುತ್ತಿದ್ದೆ, ಅದಕ್ಕೇ ನನಗೆ ಗೆಳತಿಯರು ಕಡಿಮೆ. ಭೀಮಾಶಂಕರ ಸರ್ ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಅಕ್ಷರ ದುಂಡಗಿದೆ, ಕೈ ಚುರುಕಾಗಿದೆ ಎಂದು. ವಿಚಾರಣೆಯಲ್ಲಿ ಕಾರ್ಮಿಕರು ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ. "ಅವರು ಅಂದಂಗ ಬರಿ ತಂಗೀ," ಎಂದು ಮೊದಲ ದಿನವೇ ಹೇಳಿದ್ದರು. ನಾನು ಹೂಂ ಎಂದೆ. ಆದರೆ ಒಬ್ಬ ಮನುಷ್ಯ "ನಾ ಹೊಂಟಿದ್ನಿರಿ" ಎಂದರೆ ಅದನ್ನು ಹಾಗೇ ಕಾಗದದ ಮೇಲೆ ಇಳಿಸಲು ನನ್ನ ಕೈ ಬರಬೇಕಲ್ಲ? "ನಾನು ಹೊರಟಿದ್ದೆನು" ಎಂದು ಬರೆದರೆ ಅವನ ಮಾನವೂ ಹೆಚ್ಚುತ್ತದೆ, ಕಾಗದದ ಮಾನವೂ ಹೆಚ್ಚುತ್ತದೆ ಎಂದು ನಂಬಿದ್ದೆ.

ಹೀಗೆ ಒಂದೂವರೆ ವರ್ಷ ನಡೆಯಿತು. ಆಮೇಲೆ ಸಾಯಬಣ್ಣನ ಪ್ರಕರಣ ಬಂತು.

ಸಾಯಬಣ್ಣ ನೆಲೋಗಿಯವನು. ಜೇವರ್ಗಿ ಕಡೆಯ ಒಂದು ಹತ್ತಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ. ವಯಸ್ಸು ಐವತ್ತರ ಮೇಲೆ. ಒಂದು ದಿನ ಕೆಲಸದ ಹೆಂಗಸೊಬ್ಬಳ ಸೆರಗು ಯಂತ್ರದ ತಿರುಗುವ ಪಟ್ಟಾಕ್ಕೆ ಸಿಕ್ಕಿತು. ಸಾಯಬಣ್ಣ ಯಾರನ್ನೂ ಕೇಳದೆ ಯಂತ್ರ ನಿಲ್ಲಿಸಿದ. ಹೆಂಗಸು ಉಳಿದಳು. ಆದರೆ ಹಾಗೆ ಗಕ್ಕನೆ ನಿಲ್ಲಿಸಿದ್ದಕ್ಕೆ ಒಳಗೆ ಹತ್ತಿ ಸಿಕ್ಕಿಕೊಂಡು ಯಂತ್ರ ಅರ್ಧ ದಿನ ಓಡಲಿಲ್ಲ. ಮುಕಾದಮ, ಅಂದರೆ ಆಳುಗಳ ಮೇಲ್ವಿಚಾರಕ, ಎಲ್ಲರೆದುರು ಬಯ್ದ. ಸಾಯಬಣ್ಣ ಅವನ ಅಂಗಿಯ ಕೊರಳಪಟ್ಟಿ ಹಿಡಿದ. ವಿಚಾರಣೆ ನಮ್ಮ ಕಚೇರಿಗೆ ಬಂತು. ಆ ಗಿರಣಿಯ ಸಾವ್ಕಾರರು ನಮ್ಮ ಕಚೇರಿಯ ದೊಡ್ಡ ಆಧಾರ. ಆಳಂದದಲ್ಲಿ ಅವರ ನಂಟರ ಎರಡು ಬೇಳೆ ಗಿರಣಿಗಳ ಕೆಲಸವೂ ನಮ್ಮ ಕೈಯಲ್ಲೇ ಇತ್ತು.

ವಿಚಾರಣೆಯ ದಿನ ಸರ್‌ಗೆ ಚಳಿಜ್ವರ. "ಗಿರಣಿಗಿ ಹೋಗಿ ಅವನ ಹೇಳಿಕಿ ಅಷ್ಟು ಬರಕೊಂಡು ಬಾ ತಂಗೀ. ತೀರ್ಮಾನ ಆಮ್ಯಾಲ ಮಾಡೂಣು," ಎಂದು ಕಳಿಸಿದರು. ಮೊದಲ ಸಲ ಒಬ್ಬಳೇ ಹೋಗುತ್ತಿದ್ದೆ. ಹೊಸ ಸೀರೆ ಉಟ್ಟುಕೊಂಡು ಹೋಗಿದ್ದೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಸಾಯಬಣ್ಣ ಎಲ್ಲವನ್ನೂ ನೇರವಾಗಿ ಹೇಳಿದ. ಕೊನೆಗೆ, ಮುಂದೆ ಏನು ಮಾಡಬೇಕೆಂದಿದ್ದೀರಿ ಎಂದು ಕೇಳಿದೆ. ಅವನು ತಲೆ ತಗ್ಗಿಸಿ, "ಆಗಿದ್ದು ಆಗಿ ಹೋತ್ರಿ ಅಕ್ಕೋರೇ. ನಂದೂ ಸಿಟ್ಟು ಜಾಸ್ತಿ ಆತು. ರಾಜೀನಾಮಾ ಮಾಡಾಕ ನಾ ತಯಾರ್ ಅದೀನ್ರಿ," ಎಂದ.

ನಾನು ದುಂಡಗೆ ಬರೆದೆ: "ನನ್ನ ತಪ್ಪಿನ ಅರಿವಾಗಿದ್ದು, ರಾಜೀನಾಮೆ ನೀಡಲು ಸಿದ್ಧನಿದ್ದೇನೆ." ಓದಿ ತೋರಿಸಲಿಲ್ಲ. ಐದು ಗಂಟೆಯ ಬಸ್ಸು ತಪ್ಪುತ್ತಿತ್ತು. ಸಾಯಬಣ್ಣನಿಗೆ ಸಹಿ ಮಾತ್ರ ಬರುತ್ತಿತ್ತು. ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಹಿಡಿದುಕೊಂಡು ಒಂದೊಂದೇ ಅಕ್ಷರವಾಗಿ ಸಹಿ ಮಾಡಿದ. ಒಂದು ಪ್ರತಿಯನ್ನು ಗಿರಣಿಯಲ್ಲಿ ಕೊಟ್ಟು ಬಂದೆ.

ನಾಲ್ಕನೆಯ ದಿನ ಸಾವ್ಕಾರರಿಂದ ಕಚೇರಿಗೆ ಒಂದು ಡಬ್ಬಿ ಪೇಡೆ ಬಂತು. ಜೊತೆಗೊಂದು ಕಾಗದ: ಸಾಯಬಣ್ಣನ ರಾಜೀನಾಮೆಯನ್ನು ಅಂಗೀಕರಿಸಿ ಮರುದಿನವೇ ಕೆಲಸದಿಂದ ಬಿಡುಗಡೆ ಮಾಡಲಾಗಿದೆ, ವಿಚಾರಣೆ ಮುಂದುವರಿಸುವ ಅಗತ್ಯವಿಲ್ಲ. ಸರ್ ಅಂದೇ ಜ್ವರ ಬಿಟ್ಟು ಕಚೇರಿಗೆ ಬಂದಿದ್ದರು. ಕಾಗದವನ್ನು ಎರಡು ಸಲ ಓದಿದರು.

"ಅಂವ ನೌಕರಿ ಬಿಡ್ತೇನಿ ಅಂದನ?"

"ಹೌದ್ರಿ ಸರ್. ಅವರ ಬಾಯಿಂದನೇ ಅಂದ್ರು."

"ಏನಂದ? ನಿನ್ನ ಮಾತಿನಾಗ ಬ್ಯಾಡ. ಅಂವ ಅಂದಂಗ ಅನ್ನು."

"ರಾಜೀನಾಮಾ ಮಾಡಾಕ ತಯಾರ್ ಅದೀನಿ ಅಂದ್ರು."

"ಕೊಡಾಕ ಅಂದನೋ, ಮಾಡಾಕ ಅಂದನೋ?"

"ಮಾಡಾಕ," ಎಂದೆ.

ಸರ್ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಆಮೇಲೆ ಬಯ್ಯದೆ, ಮಕ್ಕಳಿಗೆ ಹೇಳಿಕೊಡುವಂತೆ ಹೇಳಿದರು. ನಮ್ಮ ಕಡೆ ನಿಜಾಮರ ಕಾಲದ ಕಚೇರಿ ಮಾತು ಹಳ್ಳಿಯ ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆ. ಹೊಲದ ಬದುವಿಗೆ ಅಣ್ಣತಮ್ಮಂದಿರು ಬಡಿದಾಡಿದರೆ ಊರವರು ಕೂಡಿಸಿ ರಾಜಿ ಮಾಡಿಸುತ್ತಾರೆ. ಆ ರಾಜಿಗೇ ಅವರು ರಾಜೀನಾಮಾ ಎನ್ನುವುದು. ನೌಕರಿ ಬಿಡುವುದಕ್ಕೆ ಅವರ ಮಾತು ಇಸ್ತೀಫಾ. "ಅಂವ ಮುಕಾದಮನ ಜೋಡಿ ರಾಜಿ ಆಗ್ತೇನಿ ಅಂದಾನ ತಂಗೀ. ನೀ ಅವನ ನೌಕರೀನ ಬಿಡಿಸಿ ಬಂದಿ."

ನಾನು ಅಳುತ್ತ, ಕೆಲಸ ಬಿಟ್ಟುಬಿಡುತ್ತೇನೆ ಸರ್ ಎಂದೆ. "ಅದೊಂದು ರಾಜೀನಾಮೆ ಸಾಕು. ನಿಂದೂ ಎಲ್ಲಿ ತರ್ತಿ? ನಡಿ, ಜೇವರ್ಗಿ ಬಸ್ ಸಿಗ್ತದ," ಎಂದು ಎದ್ದರು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡೇ ಇಳಿದರು. ನಾಳೆ ಹೋಗೋಣ ಸರ್ ಎಂದರೆ ಕೇಳಲಿಲ್ಲ.

ನೆಲೋಗಿಯಲ್ಲಿ ಸಾಯಬಣ್ಣ ಮನೆಯೊಳಗೇ ಇದ್ದ. ಮೂರು ದಿನದಿಂದ ಹೊರಗೆ ಬಂದಿರಲಿಲ್ಲವಂತೆ. ಊರಿನಲ್ಲಿ ಯಾರದೇ ಜಗಳವಾದರೂ ಬಗೆಹರಿಸಲು ಅವನನ್ನು ಕರೆಯುತ್ತಿದ್ದರು. ಅಂಥವನು ಕೆಲಸ ಕಳೆದುಕೊಂಡು ಯಾವ ಮುಖ ಹೊತ್ತು ಕಟ್ಟೆಗೆ ಹೋದಾನು? ಸರ್ ಅವರನ್ನು ಕಂಡು ಎದ್ದು ನಿಂತ. ಮುಖದಲ್ಲಿ ಸಿಟ್ಟಿಗಿಂತ ಸೋಜಿಗ ಹೆಚ್ಚಾಗಿತ್ತು.

"ನಾ ರಾಜಿ ಆಗ್ತೇನಿ ಅಂತ ಕೈ ಚಾಚಿದ್ರ, ಕೈ ಹಿಡದು ಹೊರಗ ದಬ್ಬಿದ್ರಲ್ರಿ ಸಾಹೇಬ್ರ. ಇದ್ಯಾವ ಇನ್ಸಾಫ್?"

ನಾನು ಬಾಯಿ ತೆರೆದೆ. ನಡೆದದ್ದನ್ನೆಲ್ಲ ಹೇಳಿದೆ. ಒಲೆಯ ಮುಂದಿದ್ದ ಅವನ ಹೆಂಡತಿ ನಾಗಮ್ಮ ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ಎದ್ದುಬಂದಳು.

"ನೀ ಯಾವೂರಾಕಿ ಅವ್ವಾ?"

"ಆಳಂದ."

"ಆಳಂದ ಏನ್ ಭಾಳ ದೂರ ಅದ? ದೂರದಿಂದ ಬಂದೋರಿಗಿ ತಿಳೀಲಿಲ್ಲ ಅಂದ್ರ ತಿಳೀಲಿಲ್ಲ. ನಮ್ಮ ಕಡಿಯಾಕಿ ಆಗಿ ನಮ್ಮ ಮಾತು ನಿನಗ ಕೇಳಿಸ್ಲಿಲ್ಲೇನು?"

ಅಲ್ಲಿಯವರೆಗೆ ಪರೀಕ್ಷೆಗಳಲ್ಲಿ, ಭಾಷಣಗಳಲ್ಲಿ ಕನ್ನಡಕ್ಕಾಗಿ ನಾನು ಪಡೆದ ಬಹುಮಾನಗಳೆಲ್ಲ ಆ ಮಾತಿನ ಮುಂದೆ ಉದುರಿಹೋದವು. ನಾಗಮ್ಮ ಆಮೇಲೆ ನಮಗೆ ರೊಟ್ಟಿ ಹಾಕಿದಳು. ನನ್ನ ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಸರ್ ಮಾತ್ರ ಎರಡು ರೊಟ್ಟಿ ತಿಂದರು. ನಾಲ್ಕು ದಿನದ ಮೇಲೆ ಅವರಿಗೆ ಬಾಯಿ ರುಚಿ ಬಂದಿತ್ತು.

ಮರುದಿನ ಸಾವ್ಕಾರರ ಬಳಿಗೆ ಹೋದೆವು. ಅವರು ಕೆಟ್ಟವರಲ್ಲ. ಆದರೆ ಕೈಗೆ ಬಂದ ಕಾಗದವನ್ನು ಬಿಡಲು ಮನಸ್ಸಿರಲಿಲ್ಲ. "ಸಹಿ ಅದ, ಬರದವ್ರು ನಿಮ್ಮವ್ರೇ. ಈಗ ಹಂಗಲ್ಲ ಹಿಂಗ ಅಂದ್ರ ಹೆಂಗ್ರಿ? ನೀವು ನಮ್ಮವ್ರೋ ಅವ್ರವ್ರೋ?"

"ನಾ ನನ್ನ ಕಾಗದದವ ಸಾವ್ಕಾರ್ರೆ," ಎಂದರು ಸರ್. "ಅದರಾಗ ಸುಳ್ಳು ಕುಂತದ. ಅದು ಇರೂತನ ನನಗ ನಿದ್ದಿ ಬರಂಗಿಲ್ಲ."

ಮಾತು ಮುರಿಯಿತು. ಸಾಯಬಣ್ಣ ಕಾರ್ಮಿಕ ಅಧಿಕಾರಿಯ ಬಳಿ ಅರ್ಜಿ ಹಾಕಿದ. ಅದಕ್ಕೆ ಸರ್ ತಮ್ಮ ಹೇಳಿಕೆಯನ್ನು ಜೋಡಿಸಿಕೊಟ್ಟರು. ತಮಗೆ ಕೆಲಸ ಕೊಟ್ಟವರ ಎದುರಿಗೇ ಸಾಕ್ಷಿ ನುಡಿಯುವುದೆಂದರೆ ಆ ಕಸುಬಿನಲ್ಲಿ ಏನೆಂಬುದು ನನಗೆ ಆಗ ಅಷ್ಟಾಗಿ ತಿಳಿದಿರಲಿಲ್ಲ. ವಿಚಾರಣೆಗೆ ಹೋಗುವಾಗ, "ನೀ ಹಿಂದ ಕೂಡು. ಮಾತಾಡಬ್ಯಾಡ," ಎಂದು ತಾಕೀತು ಮಾಡಿದ್ದರು. ಅಧಿಕಾರಿಯ ಮುಂದೆ ನಿಂತು, "ತಪ್ಪು ನನ್ನ ಕಚೇರಿದು. ಹೇಳಿಕೆ ಸರಿಯಾಗಿ ದಾಖಲಾಗಿಲ್ಲ," ಎಂದರು. ಯಾರು ಬರೆದರು ಎಂದು ಅಧಿಕಾರಿ ಕೇಳಿದರೆ, "ನನ್ನ ಕಚೇರಿ" ಎಂದರು. ಮತ್ತೆ ಕೇಳಿದರೂ ಅದೇ ಉತ್ತರ.

ನಾನು ಎದ್ದು ನಿಂತೆ. ಸರ್ ಕಣ್ಣಲ್ಲೇ ಕೂಡ್ರು ಎಂದರು. ಕೂಡ್ರಲಿಲ್ಲ.

"ನಾನು ಬರದೆ ಸರ್. ಅವರು ಅಂದದ್ದನ್ನ ತಿದ್ದಿ ಬರದೆ."

"ತಿದ್ದಿದಿರಾ? ಯಾಕೆ?"

"ಚಂದ ಕಾಣ್ಲಿ ಅಂತ."

ಯಾರೋ ಕಿಸಕ್ಕೆಂದರು. ಸಾಯಬಣ್ಣ ನಗಲಿಲ್ಲ. ನೆಲೋಗಿಯ ಆ ದಿನದ ಮೇಲೆ ಮೊದಲ ಸಲ ಅವನು ನನ್ನ ಮುಖವನ್ನು ನೆಟ್ಟಗೆ ನೋಡಿದ.

ಅಧಿಕಾರಿ ಅಂದು ಏನೂ ತೀರ್ಪು ಕೊಡಲಿಲ್ಲ. ಸಾವ್ಕಾರರನ್ನು ಪಕ್ಕದ ಕೋಣೆಗೆ ಕರೆದು ಬಹಳ ಹೊತ್ತು ಮಾತಾಡಿದರು. ಮುಂದಿನ ತಾರೀಖಿಗೆ ಸಾಯಬಣ್ಣ ಮತ್ತೆ ಕೆಲಸಕ್ಕೆ ಬರಲಿ ಎಂದು ಒಪ್ಪಿಗೆಯಾಯಿತು. ಯಂತ್ರದ ಬಳಿ ಬೇಡ, ತೂಕದ ಕಾಟಾದ ಹತ್ತಿರ ಇರಲಿ ಎಂದರು. ಅವನಿಗೆ ಯಂತ್ರದ ಕೆಲಸವೇ ಇಷ್ಟ. ಆದರೂ ಹೂಂ ಎಂದ. ಮುಕಾದಮ ಮತ್ತು ಅವನು ಒಂದು ವರ್ಷ ಮಾತಾಡಲಿಲ್ಲವಂತೆ. ಆಮೇಲೆ ಮುಕಾದಮನ ಮಗಳ ಮದುವೆಯಲ್ಲಿ ಅಡುಗೆಯ ಉಸ್ತುವಾರಿ ಸಾಯಬಣ್ಣನದೇ ಆಗಿತ್ತು ಎಂದು ಕೇಳಿದೆ.

ನಮ್ಮ ಕಡೆ ನಡೆದದ್ದು ಹೀಗೆ. ಹತ್ತಿ ಗಿರಣಿ ನಮ್ಮ ಕೈ ಬಿಟ್ಟುಹೋಯಿತು. ತಿಂಗಳೊಳಗೆ ಆಳಂದದ ಎರಡು ಬೇಳೆ ಗಿರಣಿಗಳೂ ಹೋದವು. ಎರಡು ಕೋಣೆಯ ಕಚೇರಿ ಒಂದು ಕೋಣೆಗೆ ಬಂತು. ನನ್ನ ಮೇಜು ಸರ್ ಮೇಜಿಗೆ ತಾಗಿಕೊಂಡು ನಿಂತಿತು. ಅವರು ಆ ವಿಷಯ ಎತ್ತಲೇ ಇಲ್ಲ. ಒಂದು ನಿಯಮ ಮಾತ್ರ ಮಾಡಿದರು: ಹೇಳಿದವರ ಮಾತು ಅವರ ನಾಲಿಗೆಯಲ್ಲೇ ಕಾಗದಕ್ಕಿಳಿಯಬೇಕು, ಆಮೇಲೆ ಅವರಿಗೇ ಗಟ್ಟಿಯಾಗಿ ಓದಿ ಹೇಳಬೇಕು, ಅವರು "ಹೌದ್ರಿ, ಹಿಂಗೇ ಅಂದೀನಿ" ಎಂದ ಮೇಲೆಯೇ ಸಹಿ. ಮೊದಮೊದಲು "ಹೊಂಟಿದ್ನಿರಿ" ಎಂದು ಬರೆಯುವಾಗ ಅಪ್ಪ ಬೆನ್ನ ಹಿಂದೆ ನಿಂತು ಕೆಂಪು ಪೆನ್ನು ತೆಗೆಯುತ್ತಿದ್ದಾರೆ ಎನಿಸುತ್ತಿತ್ತು. ಆಮೇಲೆ ಆ ಮಾತುಗಳ ರುಚಿ ಹತ್ತಿತು. ಒಬ್ಬ ಮುದುಕಿ ತನ್ನ ಮೇಲಧಿಕಾರಿಯನ್ನು ಬಣ್ಣಿಸುತ್ತ, "ಅಂವ ನಕ್ರೂ ಬೈದಂಗೇ ಇರ್ತದ್ರಿ" ಎಂದಳು. ಇದನ್ನು ತಿದ್ದಲು ನಾನ್ಯಾರು?

ವರ್ಷಗಳು ಕಳೆದವು. ಸರ್ ಕಚೇರಿ ಮುಚ್ಚಿ ಗೊಬ್ಬೂರಕ್ಕೆ ಹೋದರು. ಕಳೆದ ವರ್ಷ ಅವರಿಗೆ ಹುಷಾರಿಲ್ಲವೆಂದು ತಿಳಿದು ನೋಡಲು ಹೋದೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಂಚ. ಬಹಳ ಸೊರಗಿದ್ದರು. ಅವರ ಹೆಂಡತಿ ಚಹಾ ತರಲು ಒಳಗೆ ಹೋದಾಗ, ಇಷ್ಟು ವರ್ಷ ಕೇಳಬೇಕೆಂದುಕೊಂಡು ಕೇಳದೆ ಉಳಿದದ್ದನ್ನು ಕೇಳಿಬಿಟ್ಟೆ.

"ಅವತ್ತು ನನ್ನನ್ನ ಯಾಕ ಕೆಲಸದಿಂದ ತಗೀಲಿಲ್ರಿ ಸರ್?"

ಅವರು ಕಿಟಕಿಯ ಕಡೆ ನೋಡುತ್ತ ಹೇಳಿದರು. ಹಾಜರಿ ಹಾಕುವ ಕೆಲಸದಲ್ಲಿದ್ದಾಗ ಒಬ್ಬ ಕಾರ್ಮಿಕನ ಬಲಗೈಯ ಬೆರಳುಗಳು ಯಂತ್ರಕ್ಕೆ ಸಿಕ್ಕು ಹೋದವು. ಅವನನ್ನು ಆಸ್ಪತ್ರೆಗೆ ಒಯ್ದ ಮೇಲೆ ಮ್ಯಾನೇಜರು ಬಂದು, ಆ ಮನುಷ್ಯ ಅಂದು ಕೆಲಸಕ್ಕೇ ಬಂದಿರಲಿಲ್ಲ ಎಂದು ಬರೆಯಲು ಹೇಳಿದ. ಇವರಿಗೆ ಇಪ್ಪತ್ತೊಂದು ವರ್ಷ. ಬರೆದರು. ಎಲ್ಲೋ ಹೊರಗೆ ಬಿದ್ದು ಕೈ ಕೆಡಿಸಿಕೊಂಡವನೆಂದು ಆ ಮನುಷ್ಯನನ್ನು ಕಳಿಸಿಬಿಟ್ಟರು. ಅವನು ಹೋಗುವಾಗ ಇವರ ಕಿಟಕಿಯ ಮುಂದೆ ನಿಂತು ಬ್ಯಾಂಡೇಜು ಕಟ್ಟಿದ ಕೈ ಎತ್ತಿ ನಮಸ್ಕಾರ ಮಾಡಿದನಂತೆ. ತನ್ನ ವಿರುದ್ಧ ಬರೆದವರು ಇವರೇ ಎಂದು ಅವನಿಗೆ ಗೊತ್ತಿರಲಿಲ್ಲ.

"ಭೀಮಾ ಹೊಳಿ ದಂಡಿ ಊರಾಂವ, ನಮ್ಮ ಅಫಜಲಪುರ ತಾಲ್ಲೂಕಿನಾವ, ಅಷ್ಟೇ ಗೊತ್ತಿತ್ತು. ಎರಡು ತಿಂಗಳಿಗೆ ಆ ಕೆಲಸ ಬಿಟ್ಟು ಬಂದು ಹುಡುಕಿದೆ. ಕೆಲಸ ಹುಡುಕ್ಕೊಂಡು ಸೊಲ್ಲಾಪುರಕ್ಕ ಹೋಗ್ಯಾನ ಅಂದ್ರು. ಅಲ್ಲೀಗೂ ಹೋದೆ." ಉಸಿರು ತೆಗೆದುಕೊಳ್ಳಲು ಸ್ವಲ್ಪ ನಿಲ್ಲಿಸಿದರು. "ನಿನ್ನ ಸಾಯಬಣ್ಣ ನಾಲ್ಕು ದಿನದಾಗ ಸಿಕ್ಕ ತಂಗೀ. ನನ್ನಾಂವ ಸಿಗಲೇ ಇಲ್ಲ."

ಅವರ ಕೈ ಹಿಡಿದುಕೊಂಡು ಕುಳಿತೆ. ಏಳುವಾಗ ಆ ಮನುಷ್ಯನ ಹೆಸರು ಕೇಳಿದೆ. ತಡವರಿಸದೆ ಹೇಳಿದರು, ತಂದೆಯ ಹೆಸರು ಸಹಿತ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವನ ಮನೆಯವರಿಗೆ ಸೇರಿದ್ದು. ಮೂರು ವಾರದಲ್ಲಿ ಸರ್ ಹೋದರು.

ಅಂದಿನಿಂದ ಅಫಜಲಪುರದ ಕಡೆ ಹೋದಾಗಲೆಲ್ಲ ಬಸ್ಸಿನಲ್ಲಿ ಪಕ್ಕ ಕುಳಿತವರನ್ನು ಕೇಳುತ್ತೇನೆ. ಭೀಮಾ ದಂಡೆಯ ಊರಿನವರು, ವಯಸ್ಸಾದವರು, ಬಲಗೈಯ ಬೆರಳಿಲ್ಲದವರು, ಹೀಗೆಂಬ ಹೆಸರಿನವರು, ಯಾರಾದರೂ ಗೊತ್ತೇನ್ರಿ? ಹೆಚ್ಚಿನವರು ತಲೆಯಾಡಿಸುತ್ತಾರೆ. ಕೆಲವರು ನನ್ನನ್ನು ಯಾವುದೋ ಇಲಾಖೆಯವಳೆಂದು ತಿಳಿದು ಸರಿದು ಕೂಡುತ್ತಾರೆ. ಕಳೆದ ತಿಂಗಳು ತೊಗರಿಯ ಚೀಲ ಕಾಲಡಿ ಇಟ್ಟುಕೊಂಡ ಮುದುಕಿಯೊಬ್ಬಳು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಎಲೆಗೆ ಸುಣ್ಣ ಹಚ್ಚುತ್ತ ಕುಳಿತಳು. ಇನ್ನೇನು ಅವಳ ಊರು ಬಂತೆನ್ನುವಾಗ ನನ್ನ ಕಡೆ ತಿರುಗಿದಳು.

"ಬೆರಳಿಲ್ಲದ ಮುದುಕ ಒಬ್ಬಾಂವ ನಮ್ಮ ಓಣ್ಯಾಗ ಅದಾನ. ಸೊಲ್ಲಾಪುರದಾಗ ಇದ್ದು ಬಂದಾಂವ. ಹೆಸರು ನನಗ ಗೊತ್ತಿಲ್ಲವ್ವಾ, ನಾವೆಲ್ಲಾ ಮುತ್ಯಾ ಅಂತೇವಿ. ನಿನಗ ಅವನಿಂದ ಏನಾಗಬೇಕು?"

ಬಸ್ಸು ನಿಂತಿತು. ನನ್ನ ಟಿಕೀಟು ಅಫಜಲಪುರದವರೆಗೆ ಇತ್ತು. ಅವಳ ತೊಗರಿ ಚೀಲವನ್ನು ಕೈಗೆತ್ತಿಕೊಂಡು ಅವಳ ಹಿಂದೆ ಇಳಿದೆ.